ಫರಲಾಹಿ ಮಾವನ ಜಾಗ

ನಮ್ಮ ಫರಲಾಹಿ ಮಾವನನ್ನು ಗೋರಿಗೆ ಸೇರಿಸಿದ ಹದಿನೆಂಟನೆಯ ದಿನ ಅವನೇ ನಡೆದುಕೊಂಡು ಮನೆಗೆ ಬಂದ. ನನಗಾಗ ಏಳು ವರ್ಷ. ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದ ನನ್ನವ್ವ ಅವನನ್ನು ಕಂಡವಳೇ ಒನಕೆ ಕೈಬಿಟ್ಟಳು. ಅದು ಕೋಳಿಯ ಮೇಲೆ ಬಿತ್ತು. ಆ ಕೋಳಿಯನ್ನೇ ಆವತ್ತು ಸಾರು ಮಾಡಿದೆವು. ಅದು ಬಂದ ನೆಂಟನಿಗೆ ಇಕ್ಕಿದ ಕೋಳಿಯೋ, ಸತ್ತವನಿಗೆ ಇಟ್ಟ ಎಡೆಯೋ ಎಂದು ಬಡಿಸುವವರಿಗೂ ತಿಳಿಯಲಿಲ್ಲ, ತಿನ್ನುವವನಿಗೂ ತಿಳಿಯಲಿಲ್ಲ.

ಅವನು ನನ್ನವ್ವನ ತಮ್ಮ, ಅಜ್ಜಿಯ ಕೊನೆಯ ಮಗ. ಕೊನೆಯ ಗಂಡುಮಗುವಿಗೆ ನಮ್ಮಲ್ಲಿ ಆ ಹೆಸರನ್ನೇ ಇಡುವುದು. ನಮ್ಮ ಗುಡ್ಡದ ಮೇಲಿನ ಪಟ್ಟಣದಿಂದ ಸಮುದ್ರದವರೆಗೆ ರೈಲು ಓಡಿಸಬೇಕೆಂದು ಆಗ ನಮ್ಮ ದ್ವೀಪವನ್ನು ಆಳುತ್ತಿದ್ದ ಫ್ರೆಂಚರಿಗೆ ಮನಸ್ಸಾಯಿತು. ಮನಸ್ಸು ಅವರದು, ಬೆನ್ನು ನಮ್ಮದು. ಮನೆಗೊಬ್ಬ ಗಂಡಸು ಎರಡು ವರ್ಷ ಕಾಡಿಗೆ ಹೋಗಿ ಕಲ್ಲು ಒಡೆಯಬೇಕು ಎಂದು ಕಾಗದ ಬಂತು. ದೊಡ್ಡಮಾವ ರಾಯ್ನಿಬೆಗೆ ಹೆಂಡತಿ, ನಾಲ್ಕು ಮಕ್ಕಳು. ಫರಲಾಹಿಗೆ ಇಪ್ಪತ್ತು ವಯಸ್ಸು, ಕೊರಳಿಗೆ ಕಟ್ಟಿಕೊಂಡವರಿಲ್ಲ. ಅವನೇ ಹೋದ. ಹೋಗುವಾಗ ಅಜ್ಜಿ ರವಾವು ಅವನಿಗೊಂದು ಹೊದಿಕೆ ಕೊಟ್ಟಳು. ಕಾಡುರೇಷ್ಮೆಯದು, ಕಂದುಬಣ್ಣ, ಅಂಚಿನಲ್ಲಿ ಮೂರು ಕಪ್ಪು ಗೆರೆ. ಅಜ್ಜಿಯ ನೇಯ್ಗೆಗೆ ಒಂದು ಗುರುತಿತ್ತು. ಮೂರನೆಯ ಗೆರೆಯೊಳಗೆ ಬೇಕೆಂದೇ ಒಂದು ಬಿಳಿ ಎಳೆ ಬಿಡುತ್ತಿದ್ದಳು. ಸಂತೆಯಲ್ಲಿ ಹೆಂಗಸರು, "ಅಮ್ಮಾ, ನಿಮಗೆ ಕಣ್ಣು ಮಂಜಾಯ್ತು, ಎಳೆ ತಪ್ಪಿದೀರ" ಎಂದರೆ, "ಹೌದಮ್ಮ, ನಲವತ್ತು ವರ್ಷದಿಂದ ಒಂದೇ ಜಾಗದಲ್ಲಿ ತಪ್ತಾ ಇದೀನಿ" ಅನ್ನುತ್ತಿದ್ದಳು.

ಅವನು ಹೋದ ಮಾರನೆಯ ವರ್ಷ ಸುರಂಗವೊಂದು ಕುಸಿಯಿತು. ಹೋಬಳಿ ಕಚೇರಿಯಲ್ಲಿ ಓದಿದ ಪಟ್ಟಿಯಲ್ಲಿ ನಮ್ಮ ಮಾವನ ಹೆಸರಿತ್ತು. ಕಾಡಿನ ಮಣ್ಣಲ್ಲಿ ಒಬ್ಬನೇ ಬಿದ್ದಿರುವುದು ನಮ್ಮವರಿಗೆ ಸಾವಿಗಿಂತ ಕೆಟ್ಟದ್ದು. ತಾತ ಮುತ್ತಾತರೆಲ್ಲ ಒಟ್ಟಿಗೆ ಮಲಗಿರುವ, ಕೋಣೆಯಂಥ ಕಲ್ಲಿನ ಗೋರಿಯಲ್ಲಿ ಜಾಗ ಸಿಗದವನನ್ನು ಯಾರು ಕರೆಯುತ್ತಾರೆ, ಯಾರು ಹೊದಿಸುತ್ತಾರೆ? ಎರಡು ವರ್ಷ ಕಾದು, ಮೂಳೆ ಒಣಗುವ ಹೊತ್ತಿಗೆ ದೊಡ್ಡಮಾವ ನಾಲ್ಕು ದಿನ ನಡೆದು ಕಾಡಿಗೆ ಇಳಿದ. ಕಾವಲಿನವನು ಮಣ್ಣಿನ ಗುಪ್ಪೆಗಳ ಸಾಲು ತೋರಿಸಿದ. ಗೂಟದ ಮೇಲಿನ ನಂಬರು ನೋಡಿ ಅಗೆದರು. ಕಂದು ರೇಷ್ಮೆ ಕಂಡಿತು, ಮೂರು ಗೆರೆ ಕಂಡಿತು, ಮೂರನೆಯದರಲ್ಲಿ ಬಿಳಿ ಎಳೆ ಕಂಡಿತು. ದೊಡ್ಡಮಾವ ಅಲ್ಲೇ ಕುಕ್ಕರಿಸಿ ಅತ್ತನಂತೆ.

ಆ ಚಳಿಗಾಲದಲ್ಲಿ ಗೋರಿ ತೆಗೆದೆವು. ಆರೇಳು ವರ್ಷಕ್ಕೊಮ್ಮೆ ನಾವು ಹಿರಿಯರನ್ನು ಹೊರಗೆ ತಂದು, ಹಳೆಯ ಬಟ್ಟೆಯ ಮೇಲೆ ಹೊಸ ರೇಷ್ಮೆ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ಸುದ್ದಿ ಹೇಳಿ, ಕೊಳಲು ತಮಟೆ ಬಡಿಸಿ ಕುಣಿದು ಮತ್ತೆ ಒಳಗಿಡುತ್ತೇವೆ. ಬಾಗಿಲಲ್ಲಿ ನಿಂತ ಹಿರಿಯ ಒಬ್ಬೊಬ್ಬರ ಹೆಸರು ಕೂಗುತ್ತಾನೆ. ಕೂಗಿದ ಹೆಸರಿನವರು ಹೊರಗೆ ಬರುತ್ತಾರೆ. ಫರಲಾಹಿಯ ಹೆಸರನ್ನು ಮೊದಲ ಸಲ ಕೂಗಿ, ಕಾಡಿನಿಂದ ಹೊತ್ತು ತಂದ ಮೂಳೆಯ ಮೂಟೆಯನ್ನು ಮೂಡಣ ಗೋಡೆಯ ಕೆಳಗಿನ ಕಲ್ಲುಹಾಸಿನ ಮೇಲೆ ಇಟ್ಟರು. ಅವನನ್ನು ಮಲಗಿಸಿದ್ದ ಚಾಪೆಯ ಚೂರಿಗೆ ಹೆಂಗಸರು ಕಿತ್ತಾಡಿದರು. ಅದನ್ನು ಹಾಸಿಗೆಯ ಕೆಳಗಿಟ್ಟರೆ ಮಕ್ಕಳಾಗುತ್ತವೆ. ಮದುವೆಯಾಗಿ ಒಂಬತ್ತು ವರ್ಷ ಬರಿಮಡಿಲಲ್ಲಿದ್ದ ದೊಡ್ಡಮಾವನ ಹಿರಿಸೊಸೆಗೆ ದೊಡ್ಡ ಚೂರೇ ಸಿಕ್ಕಿತು.

ಹೀಗೆಲ್ಲ ಮುಗಿಸಿ, ಸಾಲವನ್ನೂ ಮಾಡಿಕೊಂಡು, ನಾವು ಸುಧಾರಿಸಿಕೊಳ್ಳುತ್ತಿರುವಾಗ ಈ ಮಹರಾಯ ಬಂದ.

ಅಜ್ಜಿ ಒಲೆಯ ಪಕ್ಕ ಕೂತಿದ್ದಳು. ಮಗನ ಮುಖ ತಡವಿದಳು, ಕಿವಿ ಹಿಂಡಿ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಹೊದಿಕೆ ಎಲ್ಲೋ?"

"ಕದ್ದುಬಿಟ್ಟರು ಕಣವ್ವ" ಎಂದ ಮಾವ. "ಪಕ್ಕದಲ್ಲಿ ಮಲಗ್ತಿದ್ದ ಒಬ್ಬ, ಹೊದಿಕೇನೂ ನನ್ನ ಕಾರ್ಡೂ ಎರಡೂ ತಗೊಂಡುಬಿಟ್ಟ. ಅವನ ಕಾರ್ಡು ಅಲ್ಲೇ ಬಿದ್ದಿತ್ತು. ಕಾರ್ಡಿಲ್ದೆ ಸಿಕ್ಕಿದ್ರೆ ಚಾಟಿ ಏಟು. ಅದನ್ನೇ ಇಟ್ಕೊಂಡೆ. ಅವನ ಹೆಸರಲ್ಲೇ ಕಲ್ಲು ಒಡೆದೆ. ಅವನ ಲೆಕ್ಕದಲ್ಲಿ ಇನ್ನೂ ದಿನ ಬಾಕಿ ಇತ್ತು, ಅದನ್ನೂ ಮುಗಿಸಿ ಬಂದೆ."

ಕಂದಾಯ ಕಟ್ಟಿದ್ದಕ್ಕೆ ಗಂಡಸರಿಗೆ ಕೊಡುತ್ತಿದ್ದ ಕಾರ್ಡು ಅದು. ಆಗ ಅದರ ಮೇಲೆ ಚಿತ್ರವಿರಲಿಲ್ಲ, ಬರೀ ಹೆಸರು, ಊರು. ಬಿಳಿ ದೊರೆಗಳಿಗೆ ನಮ್ಮ ಮುಖಗಳೆಲ್ಲ ಒಂದೇ ಥರ ಕಾಣುತ್ತಿದ್ದವೇನೋ. ಕಾರ್ಡು ಯಾರ ಕೈಯಲ್ಲಿದೆಯೋ ಅವನೇ ಆ ಮನುಷ್ಯ. ಮಾವ ತಂದಿದ್ದ ಕಾರ್ಡಿನಲ್ಲಿ ತೊಂಬುಜಾಫಿ ಎಂದಿತ್ತು, ಕೆಳಗೆ ಆಗ್ನೇಯದ ಯಾವುದೋ ಊರಿನ ಹೆಸರು.

ಅಜ್ಜಿ ಒಲೆಗೆ ಇನ್ನೊಂದು ಸೌದೆ ತಳ್ಳಿದಳು. ಆಮೇಲೆ, "ಕದ್ದವನೇ ಆಗಲಿ, ನನ್ನ ಬಟ್ಟೇಲಿ ಬಂದಿದಾನೆ" ಎಂದಳು. ಮಾವ ತಲೆ ಬಗ್ಗಿಸಿಕೊಂಡು ಕೋಳಿ ತಿಂದ.

ಮಾರನೆಯ ವಾರ ಕುಲದವರೆಲ್ಲ ಸೇರಿದರು. ಮಾವನದು ಒಂದೇ ಬೇಡಿಕೆ. "ನನ್ನ ಜಾಗದಲ್ಲಿ ಮಲಗಿರೋನನ್ನ ತೆಗೀರಿ. ನಾಳೆ ನಾನು ಸತ್ರೆ ನನ್ನನ್ನ ಎಲ್ಲಿಡ್ತೀರಿ?"

ದೊಡ್ಡಮಾವ ರಾಯ್ನಿಬೆ ಎದ್ದು ನಿಂತ. ಎತ್ತಿನ ವ್ಯಾಪಾರದಲ್ಲಿ ಪಳಗಿದ ಮನುಷ್ಯ, ಯಾವ ಮಾತನ್ನೂ ನೇರ ಆಡುವವನಲ್ಲ. ಆವತ್ತು ಮಾತ್ರ ಅವನಿಗೂ ಬಳಸುದಾರಿ ತೋಚಲಿಲ್ಲ. "ನೋಡಪ್ಪ, ಅವನ ಹೆಸರು ಕೂಗಿಯಾಯ್ತು. ರೇಷ್ಮೆ ಹೊದಿಸಿಯಾಯ್ತು. ರಮ್ಮು ಎರೆದು, ಒಳ್ಳೇದು ಮಾಡಪ್ಪ ಅಂತ ಕೈ ಮುಗಿದೂ ಆಯ್ತು. ಈಗ, ಸ್ವಾಮಿ, ತಪ್ಪಾಯ್ತು, ನೀವು ಬೇರೆಯವರು, ಎದ್ದೇಳಿ ಅನ್ನೋದು ಹೆಂಗೆ? ಅವನು ಸಿಟ್ಟಾದ್ರೆ?"

"ಅವನು ಯಾರೋ ಏನೋ."

"ಯಾರೋ ಆಗಿದ್ದ. ಈಗ ನಮ್ಮ ಹಿರಿಯ."

"ಸರಿ, ಅವನೂ ಇರಲಿ, ನನಗೂ ಜಾಗ ಕೊಡಿ."

"ಒಂದು ಹೆಸರಿಗೆ ಇಬ್ರು ಹೊರಗೆ ಬಂದ್ರೆ ಒಳಗಿರೋರು ಏನಂದ್ಕೋತಾರೆ? ನಮ್ಮಪ್ಪನಿಗೆ ಏನು ಉತ್ತರ ಕೊಡ್ಲಿ? ಬೇರೆಯವನನ್ನ ಕಾಡಿಂದ ಹೊತ್ಕೊಂಡು ಬಂದೆ ಅಂತ ಹೇಳ್ಕೊಳ್ಳಾ?"

ಫರಲಾಹಿ ಮಾವನ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ನಾನು ಸತ್ತಿಲ್ಲ ಎನ್ನುವುದನ್ನು ಒಬ್ಬ ಮನುಷ್ಯ ಹೇಗೆ ವಾದಿಸಬೇಕು? ಎದುರಿಗಿದ್ದವರೆಲ್ಲ ಅವನ ತಿಥಿಯ ಮಾಂಸ ತಿಂದಿದ್ದವರು. ಅದೇ ಹೊತ್ತಿಗೆ ಹಿರಿಸೊಸೆ ಒಳಗೆ ಓಡಿ ವಾಂತಿ ಮಾಡಿಕೊಂಡಳು. ಚಾಪೆಯ ಚೂರು ಫಲ ಕೊಟ್ಟಿತ್ತು. ಅಲ್ಲಿಗೆ ಪಂಚಾಯಿತಿ ಮುಗಿಯಿತು. ಮಕ್ಕಳನ್ನು ಕೊಡುವ ಹಿರಿಯನನ್ನು ಹೊರಗೆ ಹಾಕಲು ಯಾವ ಮನೆಯವರಿಗೆ ಮನಸ್ಸು ಬರುತ್ತದೆ?

ಸರ್ಕಾರದ ಕಡೆಯದು ಇನ್ನೊಂದು ತಮಾಷೆ. ಮಾವ ಹೋಬಳಿ ಕಚೇರಿಗೆ ಹೋಗಿ, ನಾನು ಬದುಕಿದ್ದೇನೆ ಎಂದ. ಗುಮಾಸ್ತ ದಪ್ಪ ಪುಸ್ತಕ ತೆಗೆದು ನೋಡಿ, "ಇಲ್ಲ, ನೀವು ತೀರಿಕೊಂಡಿದೀರಿ" ಎಂದನಂತೆ. ಬಹಳ ಮರ್ಯಾದಸ್ಥ. ಕೂರಲು ಮಣೆಯನ್ನೂ ಕೊಟ್ಟನಂತೆ. ಸತ್ತದ್ದು ಸುಳ್ಳೆಂದು ಫ್ರೆಂಚ್ ದೊರೆಯ ರುಜು ಬೇಕು, ದೊರೆಯ ಬಳಿ ಹೋಗಲು ಕಾರ್ಡು ಬೇಕು, ಕಾರ್ಡು ಕೊಡಲು ಮನುಷ್ಯ ಬದುಕಿರಬೇಕು. ಮಾವ ಅಲ್ಲಿ ಎರಡು ದಿನ ಕೂತು ಎದ್ದು ಬಂದ. ಕಂದಾಯ ಕೇಳಲು ಬಂದವರೂ ಅವನನ್ನು ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದರು. ಅವ್ವ, "ನಿನ್ನಷ್ಟು ಪುಣ್ಯವಂತ ಈ ದ್ವೀಪದಲ್ಲೇ ಇಲ್ಲ ಕಣೋ, ಸತ್ತು ಸುಖವಾಗಿದೀಯ" ಎಂದು ಛೇಡಿಸುತ್ತಿದ್ದಳು. ಅವನು ನಗುತ್ತಿರಲಿಲ್ಲ.

ಅವನು ಮದುವೆಯಾಗಲಿಲ್ಲ. ಒಂದು ಹೆಣ್ಣು ಒಪ್ಪಿತ್ತು, ಅವಳ ಅಪ್ಪ, "ಗೋರಿಯಲ್ಲಿ ಜಾಗ ಇಲ್ಲದವನಿಗೆ ಮಗಳನ್ನು ಕೊಟ್ಟರೆ ಅವಳನ್ನು ಎಲ್ಲಿಡುತ್ತಾನೆ?" ಎಂದು ಕೇಳಿಕಳಿಸಿದ. ಮಾವ ಗದ್ದೆ ಉತ್ತ, ಎತ್ತು ತುಳಿಸಿ ಕೆಸರು ಮಾಡಿದ, ಕಾಡಿಗೆ ಹೋಗಿ ರೇಷ್ಮೆಗೂಡು ತಂದು ಅಜ್ಜಿಗೂ ಆಮೇಲೆ ನನಗೂ ಕೊಟ್ಟ. ಊಟ ಮುಗಿಸಿ, ಸೀದ ಅನ್ನದ ತಳಕ್ಕೆ ನೀರು ಹಾಕಿ ಕುದಿಸಿದ್ದನ್ನು ಕುಡಿಯುವಾಗ, "ಬಕೂಲಿ, ನಾನು ನಿಜವಾಗ್ಲೂ ಬಂದೆನಾ?" ಎಂದು ನನ್ನನ್ನು ಕೇಳುತ್ತಿದ್ದ. ಚಿಕ್ಕವಳಾಗಿದ್ದಾಗ, "ಬಂದಿದೀಯ ಮಾವ" ಎಂದು ಅವನ ಕೈ ಚಿವುಟುತ್ತಿದ್ದೆ. ದೊಡ್ಡವಳಾದ ಮೇಲೆ ರೇಗುತ್ತಿತ್ತು. "ಬಂದಿಲ್ದಿದ್ರೆ ಮೂರು ತಟ್ಟೆ ಅನ್ನ ತಿಂದೋನು ಯಾರು?" ಅನ್ನುತ್ತಿದ್ದೆ.

ಹಿರಿಯರನ್ನು ಮತ್ತೆ ಹೊರಗೆ ತರುವ ವರ್ಷ ಬಂತು. ದೊಡ್ಡಮಾವ ಬಾಗಿಲಲ್ಲಿ ನಿಂತು "ಫರಲಾಹಿ" ಎಂದು ಕೂಗಿದ. ನಮ್ಮ ಪಕ್ಕದಲ್ಲೇ ನಿಂತಿದ್ದ ಮಾವ ತಟ್ಟನೆ "ಆಂ?" ಎಂದುಬಿಟ್ಟ. ಕೆಲವರು ನಕ್ಕರು, ಕೆಲವರು ಗೋರಿಯ ಕಡೆ ತಿರುಗಿ ಕೈ ಮುಗಿದರು. ಮೂಟೆ ಹೊರಗೆ ಬಂತು. ಅಜ್ಜಿ ತನ್ನ ಗಂಡನನ್ನೂ ಬಿಟ್ಟು ಮೊದಲು ಅದನ್ನೇ ತೊಡೆಯ ಮೇಲೆ ಹಾಕಿಕೊಂಡಳು, ಹೊಸ ರೇಷ್ಮೆ ಸುತ್ತಿದಳು, ಅದರ ಕಿವಿ ಇರಬಹುದಾದ ಕಡೆ ಬಗ್ಗಿ ಏನೋ ಹೇಳಿದಳು. ಮಾವ ದೂರ ಹೋಗಿ ಕಲ್ಲಿನ ಮೇಲೆ ಕೂತ. ಅವನಿಗೆ ಹೊಟ್ಟೆಕಿಚ್ಚೆಂದು ನಾನು ತಿಳಿದೆ. ಸ್ವಂತ ತಾಯಿ ಬೇರೆಯವನ ಮೂಳೆ ಮುದ್ದಾಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ಅಲ್ಲವೇ? ಎಷ್ಟು ದಡ್ಡಿ ನಾನು.

ಆ ವರ್ಷವೇ ಅವನು ತೊಂಬುಜಾಫಿಯ ಊರು ಹುಡುಕಿಕೊಂಡು ಹೊರಟ. ಅವನ ಕಡೆಯವರನ್ನು ಕರೆತಂದು, ಮೂಳೆ ಒಪ್ಪಿಸಿ, ತನ್ನ ಜಾಗ ತಾನು ತೆಗೆದುಕೊಳ್ಳುವ ಲೆಕ್ಕ. ಅವರಾಗಿಯೇ ಬಂದು ಕೇಳಿದರೆ ನಮ್ಮವರು ಇಲ್ಲವೆನ್ನುವ ಹಾಗಿಲ್ಲ. ಒಂದು ತಿಂಗಳು ನಡೆದು ಹೋಗಿ, ಒಂದು ತಿಂಗಳು ನಡೆದು ಬಂದ. ಮೂರನೆಯ ದಿನ ಅವ್ವ ಗದರಿದ ಮೇಲೆ ಬಾಯಿ ಬಿಟ್ಟ.

"ಸಿಕ್ಕಿದ."

"ಯಾರು?"

"ತೊಂಬುಜಾಫಿ. ಬಾಳೆತೋಟದಲ್ಲಿ ಕೂತ್ಕೊಂಡು ಸೀಗಡಿ ತಿಂತಿದ್ದ. ಇಷ್ಟು ಹೊಟ್ಟೆ."

ಅವ್ವ ಕಣ್ಣು ಕಣ್ಣು ಬಿಟ್ಟಳು. "ಅವನೂ ಸತ್ತಿಲ್ವಾ?"

"ಅವನು ಕೆಲಸಕ್ಕೇ ಹೋಗಿರ್ಲಿಲ್ಲ ಕಣೇ. ಸಂತೇಲಿ ಯಾರೋ ಒಬ್ಬ, ಕಾರ್ಡಿಲ್ದೆ ಪೋಲೀಸಿಗೆ ಹೆದರ್ತಿದ್ನಂತೆ. ನನ್ನ ಕಾರ್ಡು ಇಟ್ಕೋ, ನನ್ನ ಬದಲು ಕಲ್ಲು ಒಡಿ ಅಂತ ಇವನೇ ಕೊಟ್ಟು ಕಳಿಸಿದನಂತೆ. ಹೆಸರು ಕೇಳಿರ್ಲಿಲ್ಲ. ಊರು ಕೇಳಿರ್ಲಿಲ್ಲ. ಮುಂದಿನ ಹಲ್ಲು ಒಂದು ಮುರಿದಿತ್ತು ಅನ್ನೋದೊಂದೇ ಇವನಿಗೆ ಜ್ಞಾಪಕ. ಅದು ನನಗೂ ಜ್ಞಾಪಕ ಇದೆ."

ಅಂದರೆ ನಮ್ಮ ಗೋರಿಯಲ್ಲಿದ್ದವನು ಫರಲಾಹಿಯಲ್ಲ, ತೊಂಬುಜಾಫಿಯೂ ಅಲ್ಲ. ತಲೆಬುಡ ಒಂದೂ ಇಲ್ಲದ ಮನುಷ್ಯ. ಯಾವ ತಾಯಿ ಎಲ್ಲಿ ಕೂತು ಅವನ ದಾರಿ ಕಾಯುತ್ತಿದ್ದಳೋ. ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು ಮಗ್ಗದ ಮುಂದೆ ಹೋಗಿ ಕೂತಳು. ಸಾಯುವ ಮೊದಲು ದೊಡ್ಡಮಾವನನ್ನು ಕರೆದು ಹೇಳಿದಳು: "ಆ ಹುಡುಗನನ್ನ ಹೊರಗೆ ಹಾಕಬೇಡ. ನಾನಿರೋವರೆಗೂ ಹಾಕಬೇಡ, ಆಮೇಲೂ ಹಾಕಬೇಡ." ತನ್ನ ಮಗನ ಬಗ್ಗೆ ಏನೂ ಹೇಳಲಿಲ್ಲ. ಮಾವ ಹೊಸಿಲಲ್ಲಿ ನಿಂತು ಕೇಳಿಸಿಕೊಂಡ. ಸಾಯುತ್ತಿದ್ದ ಆ ಮುದುಕಿಯ ಮೇಲೆ ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ದಂಗೆಯ ವರ್ಷ. ಪೂರ್ವದ ಕಾಡಿನ ಕಡೆ ಜನ ಫ್ರೆಂಚರ ಮೇಲೆ ಭರ್ಜಿ ಎತ್ತಿದರು. ನಮ್ಮ ಕಡೆಗೂ ಸಿಪಾಯಿಗಳು ಬಂದು ಪಟ್ಟಿ ಹಿಡಿದು ಗಂಡಸರನ್ನು ಕರೆದೊಯ್ದರು. ಕಾಡಿನ ಕೆಲಸ ಮಾಡಿ ಬಂದವರ ಮೇಲೆ ಅವರಿಗೆ ಹೆಚ್ಚು ಅನುಮಾನ. ನಮ್ಮೂರಿಂದ ಐದು ಜನ ಹೋದರು, ಇಬ್ಬರು ಬಂದರು. ಮಾವನ ಹೆಸರು ಪಟ್ಟಿಯಲ್ಲಿರಲಿಲ್ಲ. ಹೇಗಿರುತ್ತದೆ? ಸಿಪಾಯಿಗಳು ಹೋದ ಮೇಲೆ ಮಾವ ಗೋರಿಯ ಹತ್ತಿರ ಹೋಗಿ ಬಾಗಿಲ ಕಲ್ಲಿನ ಮುಂದೆ ಇಡೀ ಮಧ್ಯಾಹ್ನ ಕೂತಿದ್ದ. ಕರೆಯಲು ಹೋದರೆ, "ಎರಡು ಸಲ ಆಯ್ತು ಬಕೂಲಿ" ಎಂದ. ಏನು ಎರಡು ಸಲ ಎಂದು ಕೇಳಿದರೆ, "ಏನಿಲ್ಲ ನಡಿ" ಎಂದ.

ಹದಿಮೂರು ವರ್ಷದ ಮೇಲೆ ಫ್ರೆಂಚರ ಬಾವುಟ ಇಳಿದು ನಮ್ಮ ಬಾವುಟ ಏರಿತು. ಅದೇ ಕಚೇರಿ, ಅದೇ ಮೇಜು, ಮುದಿಯಾಗಿದ್ದ ಅದೇ ಗುಮಾಸ್ತ. ಹೊಸ ಪುಸ್ತಕ ತೆಗೆದು, "ಹೆಸರೇನು ಹೇಳಿ?" ಎಂದ. ಮಾವ ಹೇಳಿದ. ಅವನು ಬರೆದುಕೊಂಡ. ಅಷ್ಟೇ. ಮಾವ ಹೊಸ ಕಾರ್ಡು ಕೈಯಲ್ಲಿ ಹಿಡಿದು ನನ್ನ ಮನೆಗೆ ಬಂದು, "ನೋಡೇ, ಚಿತ್ರ ಬೇರೆ ಅಂಟಿಸಿದಾರೆ" ಎಂದು ತೋರಿಸಿದ. ಚಿತ್ರದಲ್ಲಿ ಅವನು ಗಾಬರಿಯಾಗಿದ್ದ.

ಸರ್ಕಾರವೇ ಒಪ್ಪಿದ ಮೇಲೆ ದೊಡ್ಡಮಾವನಿಗೂ ಧೈರ್ಯ ಬಂತು. ಅವನಿಗೀಗ ಎಪ್ಪತ್ತು ದಾಟಿತ್ತು, ತನ್ನ ಜಾಗದ ಯೋಚನೆ ಶುರುವಾಗಿ ತಮ್ಮನ ಮೇಲೆ ಕರುಳು ಮಿಡಿದಿತ್ತು. ಒಂದು ಭಾನುವಾರ ಎಲ್ಲರೆದುರು, "ಅವ್ವನ ಮಾತು ಮೀರ್ತೀನಿ, ಆ ಪಾಪ ನನಗಿರಲಿ. ಮುಂದಿನ ಸಲ ಗೋರಿ ತೆಗೆದಾಗ ಆ ಪುಣ್ಯಾತ್ಮನನ್ನ ಗೋರಿಯಿಂದಾಚೆ, ಪಡುವಣ ಬದಿಗೆ ಬೇರೆ ಕಲ್ಲಿಟ್ಟು ಮಲಗಿಸೋಣ. ಫರಲಾಹಿ, ನಿನ್ನ ಜಾಗ ನಿನಗೆ" ಎಂದ. ಎಲ್ಲರೂ ಹೂಂ ಎಂದರು. ಇಪ್ಪತ್ತಾರು ವರ್ಷ ಇದಕ್ಕೇ ಕಾದವನು ಕುಣಿಯುತ್ತಾನೆ ಎಂದುಕೊಂಡೆ. ಅವನು ಟೋಪಿ ತಲೆಗೆ ಹಾಕಿಕೊಂಡು ಎದ್ದು ಹೋದ. ಆವತ್ತಿನಿಂದ ಊಟ ಬಿಟ್ಟ.

ವೈದ್ಯರು ಹೊಟ್ಟೆಯ ರೋಗವೆಂದರು. ಇರಬಹುದು. ನಾನು ಅವನನ್ನು ನನ್ನ ಮನೆಗೆ ತಂದು ಮಗ್ಗದ ಪಕ್ಕ ಚಾಪೆ ಹಾಸಿ ಮಲಗಿಸಿಕೊಂಡೆ. ಒಂದು ಮಧ್ಯಾಹ್ನ ನಾನು ನೇಯುತ್ತಿದ್ದೆ. ಅಜ್ಜಿಯ ಥರವೇ, ಕಂದು, ಮೂರು ಗೆರೆ.

"ಅದು ಯಾರಿಗೇ?"

"ನಿನಗೇ ಮಾವ. ಇನ್ಯಾರಿಗೆ?"

"ಬಿಳಿ ಎಳೆ ಹಾಕಬೇಡ."

"ಯಾಕೆ?"

"ನನ್ನ ಹೊದಿಕೆ ಯಾರೂ ಕದೀಲಿಲ್ಲ ಕಣೇ" ಎಂದ. ಚಾವಣಿ ನೋಡುತ್ತಾ ಹೇಳಿದ, ನನ್ನ ಕಡೆ ತಿರುಗಲಿಲ್ಲ. "ಸುರಂಗಕ್ಕೆ ಆ ದಿನ ನನ್ನ ಹೆಸರು ಬಂದಿತ್ತು. ಹಿಂದಿನ ದಿನ ನೋಡಿದ್ದೆ, ಮೇಲಿಂದ ನೀರು ಜಿನುಗ್ತಿತ್ತು, ಮರದ ಆಸರೆ ಕರಕರ ಅಂತಿತ್ತು. ಒಳಗೆ ಹೋಗೋ ಧೈರ್ಯ ನನಗೆ ಬರಲಿಲ್ಲ. ಆ ಹಲ್ಲು ಮುರಿದೋನಿಗೆ ಹೊರಗೆ ಸೌದೆ ಒಡೆಯೋ ಕೆಲಸ. ಜ್ವರ, ಚಳಿ, ಹೊದೆಯೋಕೆ ಗೋಣಿಚೀಲ. ಕಾರ್ಡು ಬದಲಾಯಿಸ್ಕೊಳ್ಳೋಣ, ಒಂದು ದಿನಕ್ಕೆ ಅಷ್ಟೇ, ಒಳಗೆ ಬೆಚ್ಚಗಿರುತ್ತೆ, ನನ್ನ ಹೊದಿಕೇನೂ ಕೊಡ್ತೀನಿ ಅಂದೆ. ಅವನು ರೇಷ್ಮೆ ಮುಟ್ಟಿ ನೋಡಿ, ನಿಮ್ಮವ್ವ ನೇಯ್ದಿದ್ದಾ ಅಂದ. ಹೂಂ ಅಂದೆ. ಹೊದ್ಕೊಂಡು ಹೋದ."

ನಾನು ಲಾಳಿ ಕೆಳಗಿಟ್ಟೆ.

"ನಾನೇ ಹೊರಗೆ ಎಳೆದೆ ಅವನನ್ನ. ಗುಮಾಸ್ತ ಅವನ ಸೊಂಟದಿಂದ ಕಾರ್ಡು ತೆಗೆದು, ಫರಲಾಹಿ, ಸತ್ತ ಅಂತ ಓದಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ. ಕಾರ್ಡಲ್ಲಿದ್ದುದೇ ಅವನ ಹೆಸರು ಅಂದ್ಕೊಂಡೆ. ಆವತ್ತಾದರೂ ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಊರಿಗೆ ಬಂದು ನನ್ನ ಜಾಗ ಕೊಡಿ ಅಂತ ಜಗಳ ಆಡ್ದೆ ನೋಡು. ಅದು ಅವನದೇ ಜಾಗ. ನನ್ನ ಸಾವು ಅವನು ಹೊತ್ಕೊಂಡ. ಈಗ ಅಣ್ಣ ಅವನನ್ನ ಎತ್ತಿ ಆಚೆ ಹಾಕ್ತೀನಿ ಅಂತಾನೆ."

ನನಗೆ ಅವನ ಮೇಲೆ ಕೋಪ ಬಂತು, ಮರುಕ ಬಂತು, ಯಾವುದು ಮೊದಲು ಎಂದು ಕೇಳಿದರೆ ಹೇಳಲಾರೆ. ನಾನು ಕೈ ಚಿವುಟಿ ಬಂದಿದೀಯ ಎಂದದ್ದು ಈ ಮನುಷ್ಯನನ್ನೇ. ಜ್ವರದವನನ್ನು ಸುರಂಗಕ್ಕೆ ಕಳಿಸಿದವನೂ ಇವನೇ. "ಅಜ್ಜಿಗೆ ಗೊತ್ತಿತ್ತಾ?" ಎಂದೆ.

"ಕೇಳಲಿಲ್ಲ ಅವಳು. ಗೊತ್ತಿಲ್ದೆ ಇದ್ರೆ ಕೇಳ್ತಿದ್ದಳು."

ಆಮೇಲೆ ಅವನು ತನ್ನ ಕೊನೆಯ ಮಾತು ಹೇಳಿದ. ಕೊನೆಯ ಮಾತನ್ನು ನಮ್ಮಲ್ಲಿ ಮೀರುವಂತಿಲ್ಲ; ಕೇಳಿಸಿಕೊಂಡವರು ಗೋರಿಯ ಬಾಗಿಲಲ್ಲಿ ಎಲ್ಲರೆದುರು ಅದನ್ನು ಹೇಳಬೇಕು. "ಅವನು ಅಲ್ಲೇ ಇರಲಿ. ಹೆಸರೂ ಅವನ ಹತ್ರಾನೇ ಇರಲಿ, ಬೇರೆ ಹೆಸರು ಅವನಿಗೆ ಎಲ್ಲಿದೆ? ನನ್ನನ್ನ ಒಳಗೆ ಬಿಟ್ರೆ ಬಾಗಿಲ ಹತ್ರ ನೆಲದ ಮೇಲೆ ಹಾಕಿ. ಹೆಸರು ಕೂಗೋದು ಬೇಡ."

"ಹೆಸರು ಕೂಗದಿದ್ರೆ ನಿನ್ನನ್ನ ಹೊರಗೆ ತರೋದು ಹೆಂಗೆ ಮಾವ? ಯಾರು ಹೊದಿಸ್ತಾರೆ?"

"ಅದೂ ಬೇಡ" ಎಂದ. ಗೋಡೆಯ ಕಡೆ ತಿರುಗಿಕೊಂಡ.

ಹನ್ನೊಂದು ದಿನಕ್ಕೆ ಹೋದ. ಗೋರಿಯ ಕಲ್ಲು ಸರಿಸಿದ ಮೇಲೆ ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಹೊದಿಕೆ, ಸುರಂಗ, ಕಾರ್ಡು, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ದೊಡ್ಡಮಾವ ಊರುಗೋಲಿನ ಮೇಲೆ ಗದ್ದವಿಟ್ಟುಕೊಂಡು ಅತ್ತ. "ಮೊದಲೇ ಹೇಳಿದ್ರೆ ನಾನೇನು ಅವನನ್ನ ಹೊಡೀತಿದ್ನಾ?" ಎಂದು ಎರಡು ಮೂರು ಸಲ ಕೇಳಿದ. ಹೊಡೆಯುತ್ತಿದ್ದನೋ ಇಲ್ಲವೋ, ನನಗೆ ತಿಳಿಯದು. ಚಾಪೆಯ ಚೂರಿನಿಂದ ಹುಟ್ಟಿದ್ದ ಮೊಮ್ಮಗ, ಈಗ ಎತ್ತರಕ್ಕೆ ಬೆಳೆದ ಆಳು, ಒಳಗೆ ಹೋಗಿ ಬಾಗಿಲ ಬಳಿ ನೆಲ ಗುಡಿಸಿ ಬಂದ. ಬಿಳಿ ಎಳೆಯಿಲ್ಲದ ರೇಷ್ಮೆಯಲ್ಲಿ ಮಾವನನ್ನು ಅಲ್ಲಿ ಮಲಗಿಸಿದೆವು.

ಏಳು ವರ್ಷದ ನಂತರ ಹಿರಿಯರನ್ನು ಹೊರಗೆ ತಂದೆವು. ದೊಡ್ಡಮಾವ ಅಷ್ಟರಲ್ಲಿ ಒಳಗೆ ಸೇರಿದ್ದ. ಹೆಸರು ಕೂಗಿದ್ದು ಆ ಮೊಮ್ಮಗ. "ಫರಲಾಹಿ" ಎಂದಾಗ ಮೂಡಣ ಗೋಡೆಯ ಕೆಳಗಿನ ಮೂಟೆ ಬಂತು. ಹಲ್ಲು ಮುರಿದವನು. ಮಕ್ಕಳು ಮರಿ ಎಲ್ಲ ಅವನನ್ನು ಮುತ್ತಿಕೊಂಡು ಹೊಸ ರೇಷ್ಮೆ ಹೊದಿಸಿದರು, ಕುಣಿದರು, ಚಾಪೆಗೆ ಕಿತ್ತಾಡಿದರು. ಹೆಸರುಗಳೆಲ್ಲ ಮುಗಿದವು. ಕೊಳಲಿನವನು ಬೆವರು ಒರೆಸಿಕೊಳ್ಳುತ್ತಿದ್ದ. ಬಾಗಿಲ ಒಳಗೆ ನೆಲದ ಮೇಲೆ ಒಂದು ಮೂಟೆ ಹಾಗೇ ಇತ್ತು, ಅದರ ಮೇಲೆ ಕಾಲಿಡದಂತೆ ಎಲ್ಲರೂ ದಾಟಿಕೊಂಡು ಓಡಾಡುತ್ತಿದ್ದರು.

ನಾನು ಇಡೀ ವರ್ಷ ಅದನ್ನೇ ಯೋಚಿಸಿದ್ದೆ. ಅವನ ಮಾತು ಮೀರಬಾರದು. ಅವನನ್ನು ಬಿಡಲೂ ಆಗದು. ಗೋರಿಯ ಮುಂದೆ ನಿಂತಾಗಲೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ, ದೇವರಾಣೆ. ಮೊಮ್ಮಗ ನನ್ನ ಮುಖ ನೋಡಿದ. "ಮುಗೀತಲ್ವಾ ಅತ್ತೆ? ಕಲ್ಲು ಮುಚ್ಚಲಾ?"

ಹೆಸರನ್ನು ಅವನು ಕೊಟ್ಟುಬಿಟ್ಟಿದ್ದ. ಆದರೆ ಆ ಹೆಸರಿಂದ ನಾನು ಅವನನ್ನು ಯಾವತ್ತೂ ಕರೆದೇ ಇರಲಿಲ್ಲವಲ್ಲ.

ಬಾಗಿಲಿಗೆ ಬಗ್ಗಿ, "ಮಾವ, ಬಾ" ಎಂದೆ.

ಮೊಮ್ಮಗ ಏನೂ ಕೇಳದೆ ಒಳಗಿಳಿದು ಅವನನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಇಟ್ಟ. ಬಹಳ ಹಗುರವಾಗಿದ್ದ. ಹೊದಿಸುತ್ತೇನೋ ಇಲ್ಲವೋ ತಿಳಿಯದೆಯೇ ಚೀಲದಲ್ಲಿ ತಂದಿದ್ದ ರೇಷ್ಮೆ ತೆಗೆದು ಹೊದಿಸಿದೆ. ಮೂರನೆಯ ಗೆರೆಯಲ್ಲಿ ಬಿಳಿ ಎಳೆ ಹಾಕಿದ್ದೆ.